ಲ್ಯಾಪ್‌ಟಾಪ್‌ಗೆ ತನ್ನ ಡಿಸ್ಕೇ ಕಾಣದಿದ್ದಾಗ

ಕಳೆದ ಮಳೆಗಾಲದಲ್ಲಿ ಅಕ್ಕನ ಲ್ಯಾಪ್‌ಟಾಪ್ ಒಂದು ವಿಚಿತ್ರ ಚಾಳಿ ಹಿಡಿಯಿತು. ಬೆಳಿಗ್ಗೆ ಆನ್ ಮಾಡಿದರೆ ಏನೂ ತಕರಾರಿಲ್ಲ. ಒಂದೆರಡು ಗಂಟೆ ಕೆಲಸ ಮಾಡಿ, ಊಟಕ್ಕೆಂದು ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ‘ನೋ ಬೂಟೇಬಲ್ ಡಿವೈಸ್’. ವಿಂಡೋಸ್ ಶುರುಮಾಡಲು (ಇದಕ್ಕೇ ಬೂಟ್ ಅನ್ನುವುದು) ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಅಕ್ಕ ಹೈಸ್ಕೂಲ್ ಟೀಚರ್. ಮಕ್ಕಳ ಅಂಕಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಅದರಲ್ಲೇ ಇತ್ತು. ಪೇಟೆಯ ಅಂಗಡಿಯಲ್ಲಿ ತೋರಿಸಿದ್ದಕ್ಕೆ ‘ಡಿಸ್ಕ್ ಹೋಗಿದೆ ಮೇಡಂ, ಹೊಸದು ಹಾಕ್ಬೇಕು, ಒಳಗಿರೋದು ಬರಲ್ಲ’ ಎಂದರಂತೆ. ‘ನೀನಾದ್ರೂ ಒಂದ್ಸಲ ನೋಡೋ ಮಾರಾಯ’ ಎಂದು ನನ್ನ ಕೈಗೆ ಕೊಟ್ಟಳು.

ನಾನು ನೋಡಿದೆ, ಆದರೆ ತಪ್ಪು ಜಾಗದಲ್ಲಿ. ಎರಡು ದಿನ ಪೆನ್‌ಡ್ರೈವ್ ಹಾಕಿಕೊಂಡು ವಿಂಡೋಸ್‌ನ ಬೂಟ್ ಫೈಲುಗಳನ್ನು ರಿಪೇರಿ ಮಾಡುತ್ತ ಕೂತೆ. ಪ್ರತಿ ಸಲವೂ ರಿಪೇರಿ ಸರಿಹೋದಂತೆ ಕಾಣುತ್ತಿತ್ತು. ಮಧ್ಯಾಹ್ನ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕ ದೋಷಕ್ಕೂ ವಿಂಡೋಸ್‌ಗೂ ಸಂಬಂಧವೇ ಇರಲಿಲ್ಲ. ನಿಮ್ಮ ಎರಡು ದಿನವೂ ಹೀಗೆ ಹಾಳಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಪೋಸ್ಟ್‌ಮ್ಯಾನ್‌ಗೆ ಮನೆಯೇ ಸಿಗದಿರುವುದು ಬೇರೆ, ಮನೆ ಸಿಕ್ಕಿ ಬಾಗಿಲು ತೆಗೆಯುವವರು ಇಲ್ಲದಿರುವುದು ಬೇರೆ. ಕಾಗದ ವಾಪಸ್ ಬರುವುದು ಮಾತ್ರ ಎರಡರಲ್ಲೂ ಒಂದೇ ಥರ. ‘ನೋ ಬೂಟೇಬಲ್ ಡಿವೈಸ್’ ಕೂಡ ಹಾಗೇ ವಾಪಸ್ ಬಂದ ಕಾಗದ. ಡಿಸ್ಕ್ ಸತ್ತಿದ್ದರೂ ಅದೇ ಸಾಲು, ಕೇಬಲ್ ಬಿಟ್ಟಿದ್ದರೂ ಅದೇ ಸಾಲು, ಡಿಸ್ಕ್ ಗಟ್ಟಿಮುಟ್ಟಾಗಿದ್ದು ಒಳಗಿನ ಒಂದು ಚಿಕ್ಕ ಫೈಲ್ ಹಾಳಾಗಿದ್ದರೂ ಅದೇ ಸಾಲು.

ಹಾಗಾಗಿ ಮೊದಲ ಪ್ರಶ್ನೆ ಇದು: ಡಿಸ್ಕ್ ಬಯಾಸ್‌ಗೆ ಕಾಣುತ್ತಿದೆಯೋ ಇಲ್ಲವೋ? ಲ್ಯಾಪ್‌ಟಾಪ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಏಳುವುದು ಬಯಾಸ್, ಮದರ್‌ಬೋರ್ಡ್ ಮೇಲೇ ಕೂತಿರುವ ಪುಟ್ಟ ತಂತ್ರಾಂಶ. ಈಗಿನ ಯಂತ್ರಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ. ಆದರೆ ಅಂಗಡಿಯಲ್ಲೂ ಮನೆಯಲ್ಲೂ ಎಲ್ಲರೂ ಬಯಾಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅದಕ್ಕೆ ಡಿಸ್ಕ್ ಕಾಣದಿದ್ದರೆ ವಿಂಡೋಸ್ ಮೇಲೆ ಅನುಮಾನಪಡುವ ಅಗತ್ಯವೇ ಇಲ್ಲ. ಕಂಡರೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಅವಸರ ಬೇಡ.

ಅದಕ್ಕೂ ಮುಂಚೆ ಎರಡು ಸುಲಭದ ಕೆಲಸ. ಚುಚ್ಚಿರುವ ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ತೆಗೆದುಬಿಡಿ. ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಮೊದಲಿದ್ದರೆ ಯಂತ್ರ ಅದರಲ್ಲೇ ವಿಂಡೋಸ್ ಹುಡುಕುತ್ತ ನಿಲ್ಲಬಹುದು. ಆಮೇಲೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಒಳಗೆ ಉಳಿದಿರುವ ಕರೆಂಟ್ ಖಾಲಿಯಾಗುತ್ತದೆ. ಸುಮ್ನೆ ಮಂತ್ರದ ಥರ ಕಾಣುತ್ತದೆ ನಿಜ, ಆದರೆ ಸಿಕ್ಕಿಹಾಕಿಕೊಂಡ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಕೆಲವೊಮ್ಮೆ ಇಷ್ಟಕ್ಕೇ ಎದ್ದು ಕೂರುತ್ತದೆ.

ಪರದೆ ಮೇಲಿನ ಮಾತು

ಯಂತ್ರದಿಂದ ಯಂತ್ರಕ್ಕೆ ಸಂದೇಶದ ಮಾತು ಬೇರೆಯಾದರೂ ಅರ್ಥ ಒಂದೇ, ಎರಡು ಬಿಟ್ಟು. ಎಚ್‌ಪಿ ಯಂತ್ರಗಳಲ್ಲಿ ‘ಬೂಟ್ ಡಿವೈಸ್ ನಾಟ್ ಫೌಂಡ್’ ಎಂದು ಬಂದು ಕೆಳಗೆ 3ಎಫ್0 ಎಂಬ ಸಂಖ್ಯೆ ಇರುತ್ತದೆ. ಬೇರೆಯವುಗಳಲ್ಲಿ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂದಿರುತ್ತದೆ. ಇವೆಲ್ಲ ಅದೇ ವಾಪಸ್ ಬಂದ ಕಾಗದಗಳು.

ಮೊದಲನೆಯ ಅಪವಾದ ಪಿಎಕ್ಸ್‌ಇ ಎಂದು ಶುರುವಾಗುವ ಸಾಲು. ‘ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’ ಅನ್ನುತ್ತದೆ. ಇದನ್ನು ಓದಿ ಡಿಸ್ಕಿನ ಕೇಬಲ್ ಹುಡುಕಲು ಲ್ಯಾಪ್‌ಟಾಪ್ ಬಿಚ್ಚಿದವರನ್ನು ನೋಡಿದ್ದೇನೆ. ಅದು ಹೇಳುತ್ತಿರುವುದು ನೆಟ್‌ವರ್ಕ್ ಕೇಬಲ್ ಬಗ್ಗೆ! ಡಿಸ್ಕಿನಲ್ಲಿ ಏನೂ ಸಿಗದೆ ಯಂತ್ರ ನೆಟ್‌ವರ್ಕ್ ಮೂಲಕವಾದರೂ ಬೂಟ್ ಆಗೋಣ ಎಂದು ನೋಡಿದೆ, ಅಲ್ಲೂ ಕೇಬಲ್ ಇಲ್ಲ, ಅಷ್ಟೇ. ಡಿಸ್ಕಿನಿಂದ ಬೂಟ್ ಆಗಲಿಲ್ಲ ಎನ್ನುವುದಕ್ಕಿಂತ ಹೆಚ್ಚಿನದೇನೂ ಅದರಿಂದ ತಿಳಿಯುವುದಿಲ್ಲ.

ಎರಡನೆಯದು ನೀಲಿ ಪರದೆಯಲ್ಲಿ ಬರುವ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ನೀಲಿ ಪರದೆ ಬಂತೆಂದರೆ ವಿಂಡೋಸ್ ಏಳಲು ಶುರುಮಾಡಿತ್ತು ಎಂದರ್ಥ. ವಿಂಡೋಸ್ ಇರುವುದೇ ಡಿಸ್ಕಿನಲ್ಲಿ. ಅಂದರೆ ಬಯಾಸ್‌ಗೆ ಡಿಸ್ಕ್ ಕಂಡಿದೆ, ನಡುದಾರಿಯಲ್ಲಿ ವಿಂಡೋಸ್‌ಗೆ ಕಾಣದಾಗಿದೆ. ಇಲ್ಲಿ ಡ್ರೈವರ್ (ಡಿಸ್ಕಿನ ಜತೆ ವಿಂಡೋಸ್ ಮಾತಾಡಲು ಬೇಕಾದ ತಂತ್ರಾಂಶ) ಅಥವಾ ಬಯಾಸ್‌ನ ಒಂದು ಸೆಟ್ಟಿಂಗ್ ಮೇಲೆ ಮೊದಲ ಅನುಮಾನ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಯಾಸ್ ಒಳಗೆ

ಆನ್ ಮಾಡಿದ ತಕ್ಷಣ ಕೀಲಿಯನ್ನು ಟಕಟಕ ಒತ್ತುತ್ತಿರಬೇಕು. ಡೆಲ್ ಮತ್ತು ಏಸರ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಲೆನೊವೊದ ಬೇರೆ ಎಷ್ಟೋ ಮಾದರಿಗಳಲ್ಲಿ ಎಫ್2, ಇಲ್ಲವೇ ಪಕ್ಕದಲ್ಲಿ ನೊವೊ ಎಂಬ ಪುಟ್ಟ ಬಟನ್. ಏಸುಸ್‌ನಲ್ಲೂ ಎಫ್2.

ಒಳಗೆ ಹೋದಮೇಲೆ ಮೊದಲು ತಾರೀಖು ನೋಡಿ. ಹೌದು, ಡಿಸ್ಕಿಗಿಂತ ಮೊದಲು ತಾರೀಖು. ಅದು ಐದಾರು ವರ್ಷ ಹಿಂದಿನದಾಗಿದ್ದರೆ ಮದರ್‌ಬೋರ್ಡ್ ಮೇಲಿನ ಸಣ್ಣ ಸೆಲ್ ಸತ್ತಿದೆ. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032, ಕೈಗಡಿಯಾರದ ಸೆಲ್ಲಿನ ಅಣ್ಣನಂತಿರುತ್ತದೆ. ಅದು ಸತ್ತರೆ ಬಯಾಸ್ ತನ್ನ ಸೆಟ್ಟಿಂಗ್‌ಗಳನ್ನು ಮರೆತು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗಬಹುದು. ಆಗ ಡಿಸ್ಕಿಗೆ ಏನೂ ಆಗಿರುವುದಿಲ್ಲ, ಅದನ್ನು ಓದುವ ರೀತಿ ಮಾತ್ರ ಬದಲಾಗಿರುತ್ತದೆ.

ಈಗ ಸ್ಟೋರೇಜ್ ಅಥವಾ ಸಿಸ್ಟಂ ಇನ್ಫರ್ಮೇಶನ್ ಎಂದಿರುವ ಪುಟದಲ್ಲಿ ಡಿಸ್ಕಿನ ಹೆಸರು ಹುಡುಕಿ. ಕಂಪನಿ, ಮಾದರಿ, ಎಷ್ಟು ಜಿಬಿ ಎಂಬುದು ಇರಬೇಕು. ಏನೂ ಇಲ್ಲದಿದ್ದರೆ ದಾರಿ ಒಂದು, ಸರಿಯಾದ ಹೆಸರಿದ್ದರೆ ದಾರಿ ಇನ್ನೊಂದು. ಕೆಲವೊಮ್ಮೆ ಮೂರನೆಯದೊಂದು ಸಿಗುತ್ತದೆ: ಹೆಸರು ಇದೆ, ಆದರೆ ನಿಮ್ಮ ಡಿಸ್ಕಿನದಲ್ಲ. ‘ಸಾಟಾಫರ್ಮ್ ಎಸ್11’ ಎಂದು ಕಂಡರೆ ಅದು ಫೈಸನ್ ಕಂಪನಿಯ ಎಸ್11 ಕಂಟ್ರೋಲರ್ (ಡಿಸ್ಕನ್ನು ನಿಯಂತ್ರಿಸುವ ಚಿಪ್) ಇರುವ ಎಸ್‌ಎಸ್‌ಡಿ, ಅದನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕುಸಿದಿದೆ. ತನ್ನ ಹೆಸರನ್ನೇ ಮರೆತು ಕಂಟ್ರೋಲರ್‌ನ ಹೆಸರು ಹೇಳುತ್ತಿದೆ. ಇಂಟೆಲ್ 320 ಸರಣಿಯ ಎಸ್‌ಎಸ್‌ಡಿಗಳು 2011ರಲ್ಲಿ ಕರೆಂಟ್ ಹಠಾತ್ತನೆ ಹೋದಾಗ ನೂರಾರು ಜಿಬಿ ಬದಲು ಬರೀ 8 ಎಂಬಿ ಎಂದು ತೋರಿಸತೊಡಗಿದ್ದವು, ಕಂಪನಿ ಫರ್ಮ್‌ವೇರ್ ತಿದ್ದಬೇಕಾಯಿತು. ಹೆಸರೋ ಗಾತ್ರವೋ ಹೀಗೆ ಎಡವಟ್ಟಾಗಿ ಕಂಡರೆ ಕೇಬಲ್, ಬೂಟ್ ಫೈಲ್ ಎಂದು ಹುಡುಕಬೇಡಿ. ಗ್ಯಾರಂಟಿ ಇದ್ದರೆ ಅದರ ಕಾಗದ ಹುಡುಕಿ. ಒಳಗಿನ ಮಾಹಿತಿ ಬೇಕೇಬೇಕು ಎಂದಾದರೆ ಡೇಟಾ ರಿಕವರಿಯವರ ಬಳಿ ಹೋಗಿ.

ಕಾಣುತ್ತಿಲ್ಲ ಎಂದಾದರೆ

ಈಗ ಬಿಚ್ಚುವ ಸಮಯ. ಗ್ಯಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಇಲ್ಲವೆಂದರೆ ಚಾರ್ಜರ್ ಕಿತ್ತು, ಯಂತ್ರ ಮಗುಚಿ ಹಾಕಿ, ಒಂದು ಬಿಳಿ ಹಾಳೆ ಪಕ್ಕಕ್ಕಿಟ್ಟುಕೊಳ್ಳಿ. ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಎಲ್ಲ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ ತೂತಿಗೆ ಹಾಕಿ ತಿರುಗಿಸಿದರೆ ಕೀಬೋರ್ಡ್ ಪಕ್ಕದ ಪ್ಲಾಸ್ಟಿಕ್ ಉಬ್ಬಿ ಬರುತ್ತದೆ. ಒಮ್ಮೆ ನಾನೇ ಮಾಡಿದ್ದೇನೆ. ಅಂಚು ಬಿಡಿಸಲು ಚಾಕು ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು. ತೆರೆದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಉಳಿದದ್ದು.

ಈಚಿನ ಲ್ಯಾಪ್‌ಟಾಪ್ ಆದರೆ ಒಳಗೆ ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ಇರುತ್ತದೆ. ಹೆಚ್ಚಿನವು 2280 ಅಳತೆಯವು, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಒಂದು ತುದಿ ಸ್ಲಾಟ್ ಒಳಗೆ, ಇನ್ನೊಂದು ತುದಿಗೆ ಒಂದೇ ಒಂದು ಸಣ್ಣ ಸ್ಕ್ರೂ. ಆ ಸ್ಕ್ರೂ ಸಡಿಲವಾದರೆ ಪಟ್ಟಿ ಮೇಲಕ್ಕೆ ಏಳಲು ನೋಡುತ್ತದೆ, ಸಂಪರ್ಕ ಅರ್ಧಂಬರ್ಧ. ಹೊರಗೆ ಎಳೆದು ಚಿನ್ನದ ಬಣ್ಣದ ತುದಿಯನ್ನು ನೋಡಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದ ತೇವಕ್ಕೆ ಅಲ್ಲಿ ಮಂಕು ಪದರ ಕೂತಿರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆತ್ತಗೆ ಒರೆಸಿ. ಇಲ್ಲದಿದ್ದರೆ ಶಾಲೆಯ ಬಿಳಿ ರಬ್ಬರ್ ಆಗುತ್ತದೆ, ಪುಡಿ ಮಾತ್ರ ಸ್ಲಾಟ್ ಒಳಗೆ ಬೀಳಬಾರದು. ವಾಪಸ್ ಹಾಕುವಾಗ ಓರೆಯಾಗಿ ಹಿಡಿದು, ಚಿನ್ನದ ತುದಿ ಹೆಚ್ಚುಕಡಿಮೆ ಮರೆಯಾಗುವವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ.

ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಕಾಣುತ್ತಿಲ್ಲ ಎಂದರೆ ಜಾತಿ ನೋಡಿ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಲ್ಯಾಪ್‌ಟಾಪ್ ಜತೆ ಮಾತಾಡುವ ರೀತಿ ಬೇರೆ ಬೇರೆ: ಅದೇ ಆಕಾರದಲ್ಲಿ ಸಾಟಾ ಇದೆ, ಎನ್‌ವಿಎಂಇ ಇದೆ. ಕೆಲವು ಸ್ಲಾಟ್ ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ಸಾಟಾ ಪಟ್ಟಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಒಂದೇ ಕಚ್ಚು. ಒಳಗೆ ಕೂತಿತು ಎಂದಮಾತ್ರಕ್ಕೆ ಹೊಂದಿತು ಎಂದಲ್ಲ, ಕೊಳ್ಳುವ ಮೊದಲೇ ಲ್ಯಾಪ್‌ಟಾಪ್ ಮಾದರಿಯ ವಿವರ ನೋಡಿಕೊಳ್ಳಬೇಕು.

ಸ್ವಲ್ಪ ಹಳೆಯ ಯಂತ್ರವಾದರೆ ಎರಡೂವರೆ ಇಂಚಿನ ಡಿಸ್ಕ್. ಅದರಿಂದ ಮದರ್‌ಬೋರ್ಡ್‌ವರೆಗೆ ಒಂದು ತೆಳ್ಳಗಿನ ರಿಬ್ಬನ್ ಕೇಬಲ್ ಹೋಗಿರುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳ ದುರ್ಬಲ ಜಾಗ ಇದೇ ಎಂಬುದು ನನ್ನ ಅನುಭವ. ಮದರ್‌ಬೋರ್ಡ್ ಕಡೆಯ ತುದಿಯಲ್ಲಿ ಸಾಮಾನ್ಯವಾಗಿ ಉಗುರಿನಷ್ಟು ಗಾತ್ರದ ಒಂದು ಮುಚ್ಚಳ ಇರುತ್ತದೆ. ಅದನ್ನು ಎತ್ತಿದರೆ ಮಾತ್ರ ಕೇಬಲ್ ಸಲೀಸಾಗಿ ಬರುತ್ತದೆ. ಎಳೆದರೆ ಮುಚ್ಚಳ ಮುರಿಯುತ್ತದೆ, ಆಮೇಲೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ.

ಇನ್ನೂ ಕಾಣದಿದ್ದರೆ ತಪ್ಪು ಯಾರದೆಂದು ತಿಳಿಯಲು ಅದಲು ಬದಲು ಮಾಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಡಿಸ್ಕನ್ನು ಹೊರಗೆ ತೆಗೆದು ಯುಎಸ್‌ಬಿ ಕೇಬಲ್ ಅಥವಾ ಡಬ್ಬಿಯಲ್ಲಿ ಹಾಕಿ ಬೇರೆ ಕಂಪ್ಯೂಟರ್‌ಗೆ ಚುಚ್ಚಿ. ಸಾಟಾಕ್ಕೆ ಬೇಕಾದ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎನ್‌ವಿಎಂಇಯ ಡಬ್ಬಿ ಬೇರೆ, ಬೆಲೆಯೂ ಸ್ವಲ್ಪ ಜಾಸ್ತಿ. ಅಲ್ಲಿ ಕಂಡರೆ ಡಿಸ್ಕ್ ಬದುಕಿದೆ, ಲ್ಯಾಪ್‌ಟಾಪ್‌ನ ಕೇಬಲ್ಲೋ ಸ್ಲಾಟ್ಟೋ ಕೆಟ್ಟಿದೆ. ಕಂಡ ಕೂಡಲೇ ಮೊದಲು ಬೇಕಾದ ಫೈಲುಗಳನ್ನು ನಕಲು ಮಾಡಿಕೊಳ್ಳಿ, ಉಳಿದ ಪರೀಕ್ಷೆ ನಾಳೆ ಮಾಡಬಹುದು. ಅಲ್ಲೂ ಕಾಣದಿದ್ದರೆ, ಮತ್ತು ಅದೇ ಕೇಬಲ್ಲಿಗೆ ಬೇರೊಂದು ಡಿಸ್ಕ್ ಕಾಣುತ್ತಿದ್ದರೆ, ಡಿಸ್ಕೇ ಹೋಗಿದೆ.

ಹೋದ ಡಿಸ್ಕಿನ ವಿಷಯದಲ್ಲಿ ಎರಡು ಮಾತು. ತಿರುಗುವ ಹಾರ್ಡ್‌ಡಿಸ್ಕ್ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಓದುವ ಮುಳ್ಳು ಜಾಗ ಸಿಗದೆ ಹಿಂದೆ ಮುಂದೆ ಬಡಿದುಕೊಳ್ಳುವ ಸದ್ದು ಅದು. ಒಂದೊಂದು ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆ ಕೆರೆದುಹೋಗುವ ಅಪಾಯ ಇದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ನಮ್ಮ ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದದ್ದೇ ಅದರ ಮೇಲೆಲ್ಲ ನೀರು ಕೂರುತ್ತದೆ.

ಎಸ್‌ಎಸ್‌ಡಿಗೆ ಮಾತ್ರ ಒಂದು ಕೊನೆಯ ಪ್ರಯತ್ನ ಇದೆ. ಕರೆಂಟ್ ಹಠಾತ್ತನೆ ಹೋದಾಗ ಒಳಗಿನ ವಿಳಾಸಪಟ್ಟಿ ಕಲಸಿಹೋಗಿ ಅದು ಮೌನವಾಗಬಹುದು. ಲ್ಯಾಪ್‌ಟಾಪ್ ಆನ್ ಮಾಡಿ, ಬಯಾಸ್ ಪುಟದಲ್ಲೇ ಏನೂ ಮುಟ್ಟದೆ 20 ನಿಮಿಷ ಬಿಡಿ. ಆಫ್ ಮಾಡಿ ಅರ್ಧ ನಿಮಿಷ ಡಿಸ್ಕಿನ ಕರೆಂಟ್ ಪೂರ್ತಿ ಕಡಿಯಿರಿ. ಇನ್ನೊಮ್ಮೆ ಹಾಗೇ ಮಾಡಿ. ಕಂಟ್ರೋಲರ್‌ಗೆ ತನ್ನ ಪಟ್ಟಿ ಮತ್ತೆ ಕಟ್ಟಿಕೊಳ್ಳಲು ಪುರಸೊತ್ತು ಸಿಗುತ್ತದೆ. ಎಲ್ಲ ಸಲವೂ ಆಗುವುದಿಲ್ಲ, ಆದರೆ ಖರ್ಚೇನೂ ಇಲ್ಲವಲ್ಲ.

ಕಂಡು ಮಾಯವಾಗುವ ಡಿಸ್ಕಿನ ಹಿಂದೆ ಫರ್ಮ್‌ವೇರ್ ತಪ್ಪೂ ಇರಬಹುದು. ಕ್ರೂಷಿಯಲ್ ಎಂ4 ಎಂಬ ಎಸ್‌ಎಸ್‌ಡಿ 5184 ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಸುಮಾರು ಒಂದು ಗಂಟೆ ಸರಿ, ಮತ್ತೆ ಮಾಯ. 2012ರ ಜನವರಿಯಲ್ಲಿ ತಿದ್ದಿದ ಫರ್ಮ್‌ವೇರ್ ಬಂತು. ಹಾಗಾಗಿ ನಿಮ್ಮ ಮಾದರಿಗೆ ಹೊಸ ಫರ್ಮ್‌ವೇರ್ ಇದೆಯೇ ಎಂದು ಕಂಪನಿಯ ತಾಣದಲ್ಲಿ ಒಮ್ಮೆ ನೋಡಿ.

ಕಾಣುತ್ತಿದೆ, ಆದರೂ ಬೂಟ್ ಆಗುತ್ತಿಲ್ಲ

ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿರಲಿ. ಆ ಹೆಸರೇ ಇಲ್ಲದೆ ಬರೀ ಡಿಸ್ಕಿನ ಹೆಸರಿದ್ದರೆ ಬೂಟ್ ಮೋಡ್ ನೋಡಿ. ವಿಂಡೋಸ್ ಹಾಕುವಾಗ ಯುಇಎಫ್‌ಐ ಇದ್ದು ಈಗ ಲೆಗಸಿ (ಹಳೆಯ ಬಯಾಸ್ ರೀತಿ) ಆಗಿದ್ದರೆ ಬೂಟ್ ಆಗುವುದಿಲ್ಲ, ತಿರುಗಾಮುರುಗಾ ಆದರೂ ಅಷ್ಟೇ. ಡಿಸ್ಕಿನ ವಿಭಾಗಗಳ ಪಟ್ಟಿ ಬರೆದಿಡುವ ರೀತಿ ಎರಡು, ಜಿಪಿಟಿ ಮತ್ತು ಎಂಬಿಆರ್. ಜಿಪಿಟಿ ಡಿಸ್ಕಿಗೆ ಯುಇಎಫ್‌ಐ, ಎಂಬಿಆರ್ ಡಿಸ್ಕಿಗೆ ಲೆಗಸಿ. ವಿಂಡೋಸ್ 11 ಆದರೆ ಯುಇಎಫ್‌ಐ ಇರಬೇಕು.

ಇನ್ನೊಂದು ಸೆಟ್ಟಿಂಗ್ ಸಾಟಾ ಮೋಡ್, ಅಂದರೆ ಯಂತ್ರ ಡಿಸ್ಕಿನ ಜತೆ ಯಾವ ರೀತಿ ಮಾತಾಡಬೇಕು ಎಂಬುದು. ಎಎಚ್‌ಸಿಐ, ರೇಡ್, ಇಂಟೆಲ್ ಆರ್‌ಎಸ್‌ಟಿ, ವಿಎಂಡಿ ಎಂದೆಲ್ಲ ಇರುತ್ತದೆ. ಮೊದಲು ಹೇಳಿದ ನೀಲಿ ಪರದೆಗೆ ತುಂಬ ಸಲ ಇದೇ ಕಾರಣ: ಸೆಲ್ ಸತ್ತು ಈ ಮೋಡ್ ಬದಲಾಗಿರುತ್ತದೆ, ಇಲ್ಲವೇ ಯಾರೋ ಕೈಯಾಡಿಸಿರುತ್ತಾರೆ. ಮೊದಲು ಇದ್ದದ್ದಕ್ಕೆ ವಾಪಸ್ ಇಟ್ಟರೆ ಸಾಮಾನ್ಯವಾಗಿ ಮುಗಿಯಿತು. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಆನ್ ಆಗಿಯೇ ಬರುತ್ತದೆ. ಅಂಥವುಗಳಲ್ಲಿ ವಿಂಡೋಸ್ ಹೊಸದಾಗಿ ಹಾಕಲು ಹೋದರೆ ಡಿಸ್ಕ್ ಪಟ್ಟಿ ಖಾಲಿ ಕಾಣಬಹುದು. ಹೆದರಬೇಡಿ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಆರ್‌ಎಸ್‌ಟಿ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬಯಾಸ್ ಸೆಟ್ಟಿಂಗ್ ಬದಲಿಸಿದರೆ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ವಿಂಡೋಸ್ ಹಾಕುವ ಬೀಗ) ಎದ್ದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ‘ನಾನು ಬಿಟ್‌ಲಾಕರ್ ಹಾಕೇ ಇಲ್ಲ’ ಅನ್ನುತ್ತೀರಿ ಅಲ್ವಾ? ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವ ಎಷ್ಟೋ ಯಂತ್ರಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಫೋನ್‌ನಿಂದ ಲಾಗಿನ್ ಆಗಿ ಅದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಬಯಾಸ್‌ಗೆ ಕೈ ಹಾಕಿ.

ಸೆಟ್ಟಿಂಗ್ ಎಲ್ಲ ಸರಿಯಿದ್ದರೆ ಬೂಟ್ ಫೈಲುಗಳ ಸರದಿ. ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೊದಲ ಪುಟದಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್‌ನದೇ ಸಾಧನ ನಡೆಸಿ ‘ಲಿಸ್ಟ್ ಡಿಸ್ಕ್’ ಎಂದು ಟೈಪ್ ಮಾಡಿ. ಜಿಪಿಟಿ ಕಾಲಮ್ಮಿನಲ್ಲಿ ನಕ್ಷತ್ರ ಇದ್ದರೆ ಅದು ಜಿಪಿಟಿ ಡಿಸ್ಕ್. ‘ಲಿಸ್ಟ್ ವಾಲ್ಯೂಮ್’ ಎಂದರೆ ಫ್ಯಾಟ್32 ಎಂದಿರುವ ಒಂದು ಪುಟ್ಟ ಭಾಗ ಕಾಣುತ್ತದೆ, ಸಾಮಾನ್ಯವಾಗಿ 100 ಎಂಬಿ ಆಸುಪಾಸು. ಬೂಟ್ ಫೈಲುಗಳ ಮನೆ ಅದೇ. ಪೆನ್‌ಡ್ರೈವ್ ಕೂಡ ಫ್ಯಾಟ್32 ಆಗಿರಬಹುದು, ಗಾತ್ರ ನೋಡಿ ಗುರುತಿಸಿ. ಆ ಪುಟ್ಟ ಭಾಗಕ್ಕೆ ಒಂದು ಅಕ್ಷರ ಕೊಟ್ಟು ಹೊರಗೆ ಬಂದು, ಬಿಸಿಡಿಬೂಟ್ ಆದೇಶಕ್ಕೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಈ ಭಾಗದ ಅಕ್ಷರ ಯಾವುದು ಎಂದು ತಿಳಿಸಿದರೆ ಫೈಲುಗಳು ಹೊಸದಾಗಿ ಬಂದು ಕೂರುತ್ತವೆ. ಡಿಸ್ಕ್‌ಪಾರ್ಟ್ ಒಳಗೆ ‘ಕ್ಲೀನ್’ ಎಂಬ ಪದ ಮಾತ್ರ ಅಪ್ಪಿತಪ್ಪಿಯೂ ಟೈಪ್ ಮಾಡಬೇಡಿ. ಹೆಸರಿನಷ್ಟು ಸಾಧು ಅಲ್ಲ ಅದು, ಡಿಸ್ಕಿನ ವಿಭಾಗಗಳನ್ನೆಲ್ಲ ಒರೆಸಿಹಾಕುತ್ತದೆ.

ಅಕ್ಕನ ಲ್ಯಾಪ್‌ಟಾಪ್ ವಿಷಯ

ಮೂರನೇ ದಿನ ಮಧ್ಯಾಹ್ನ ಕಪ್ಪು ಪರದೆ ಬಂದಾಗ, ಪೆನ್‌ಡ್ರೈವ್ ಚುಚ್ಚುವ ಬದಲು ನೇರ ಬಯಾಸ್‌ಗೆ ಹೋದೆ. ಡಿಸ್ಕಿನ ಜಾಗ ಖಾಲಿ. ಎರಡು ದಿನ ನಾನು ರಿಪೇರಿಗೆ ಕೂತಿದ್ದೆಲ್ಲ ಸಂಜೆ, ಯಂತ್ರ ತಣ್ಣಗಾದ ಮೇಲೆ. ಆಗ ಡಿಸ್ಕ್ ತಾನಾಗಿ ವಾಪಸ್ ಬಂದಿರುತ್ತಿತ್ತು, ನಾನು ರಿಪೇರಿ ಫಲಿಸಿತು ಎಂದುಕೊಳ್ಳುತ್ತಿದ್ದೆ.

ಬಿಚ್ಚಿದೆ. ರಿಬ್ಬನ್ ಕೇಬಲ್ ಎಡಗೈ ಊರುವ ಜಾಗದ ಕೆಳಗೆ ಮಡಚಿ ಹೋಗಿತ್ತು. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು. ಬಿಸಿಯಾದಾಗ ಅದು ಬಾಯಿ ಬಿಡುತ್ತಿತ್ತು ಎಂದು ನನ್ನ ಅಂದಾಜು. ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿಗೆ ಹಾಕಿ ನನ್ನ ಕಂಪ್ಯೂಟರ್‌ಗೆ ಚುಚ್ಚಿದರೆ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಪ್ರವಾಸದ ಫೋಟೊ ಎಲ್ಲ ಹಾಗೇ ಇದ್ದವು. ಕೇಬಲ್ ಮೇಲೆ ಅಚ್ಚಾಗಿದ್ದ ಸಂಖ್ಯೆಯನ್ನು ಬೆಂಗಳೂರಿನಲ್ಲಿರುವ ಗೆಳೆಯನಿಗೆ ಕಳಿಸಿದೆ. ಅವನು ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ, ಅದೇ ಸಂಖ್ಯೆಯದನ್ನು ಹುಡುಕಿ ಕೊರಿಯರ್ ಮಾಡಿದ.

ನಾಚಿಕೆಯ ಸಂಗತಿ ಇನ್ನೊಂದಿದೆ. ಮೊದಲ ದಿನವೇ ನಾನು ಡಿಸ್ಕಿನ ಸ್ಮಾರ್ಟ್ ಪಟ್ಟಿ ತೆರೆದಿದ್ದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. 5 ಎಂಬ ಸಂಖ್ಯೆಯ ಸಾಲು ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳದ್ದು, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳದ್ದು. 197 ಓದಲಾಗದೆ ಬಾಕಿ ಉಳಿದವುಗಳದ್ದು. ಎರಡೂ ಸೊನ್ನೆ. ‘ಡಿಸ್ಕ್ ಚೆನ್ನಾಗಿದೆ, ಹಾಗಿದ್ದರೆ ವಿಂಡೋಸೇ ಕೆಟ್ಟಿದೆ’ ಎಂದು ಕಿಟಕಿ ಮುಚ್ಚಿಬಿಟ್ಟಿದ್ದೆ. ಅದರ ಎರಡು ಸಾಲು ಕೆಳಗೆ 199 ಇರುತ್ತದೆ. ಡಿಸ್ಕಿನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ಎಷ್ಟು ಸಲ ಮಾತು ಕೆಟ್ಟಿತು ಎಂಬ ಲೆಕ್ಕ ಅದು. ಅದು ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ. ಅಕ್ಕನ ಡಿಸ್ಕಿನಲ್ಲಿ ಅಲ್ಲಿ 412 ಇತ್ತು.

ಆ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೊಸ ಕೇಬಲ್ ಹಾಕಿ ಎಂಟು ತಿಂಗಳಾಯಿತು. ಮೊನ್ನೆ ಅಕ್ಕನ ಮನೆಗೆ ಹೋದಾಗ ತೆರೆದು ನೋಡಿದೆ. 412ರಲ್ಲೇ ನಿಂತಿದೆ.